ತೀರಿಕೊಂಡ ಕಲಾವಿದರ ಜೀವನವಿವರವನ್ನು ನಾನು ತಾಳೆ ನೋಡುವ ಬಗೆ: ಶಂಕರ್ ನಾಗ್ ಅವರನ್ನು ಮುಂದಿಟ್ಟುಕೊಂಡು

ಶಂಕರ್ ನಾಗ್ ತೀರಿಕೊಂಡಾಗ ಅವರಿಗೆ ಎಷ್ಟು ವಯಸ್ಸು? 1990ರಲ್ಲಿ 1954 ಕಳೆದು 36 ಎಂದು ಬರೆದುಬಿಡುವುದು ಸುಲಭ, ಆದರೆ ತಪ್ಪು. ಹುಟ್ಟಿದ್ದು 1954ರ ನವೆಂಬರ್ 9, ತೀರಿಕೊಂಡದ್ದು 1990ರ ಸೆಪ್ಟೆಂಬರ್ 30. ಹುಟ್ಟುಹಬ್ಬಕ್ಕೆ ಇನ್ನೂ ನಲವತ್ತು ದಿನ ಬಾಕಿಯಿತ್ತು, ತುಂಬಿದ್ದು 35. ಇದರಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಮೂವತ್ತಾರು ನಡೆಯುತ್ತಿತ್ತು ಎಂಬ ಅರ್ಥದಲ್ಲಿ ಒಬ್ಬರು ‘36ನೇ ವಯಸ್ಸಿನಲ್ಲಿ’ ಎಂದು ಬರೆಯುತ್ತಾರೆ, ಅದು ಸರಿಯೇ. ಅದನ್ನು ನೋಡಿ ಬರೆಯುವವರು ‘36 ವರ್ಷವಾಗಿತ್ತು’ ಎಂದು ಮಾಡುತ್ತಾರೆ. ಅದಕ್ಕೇ ನಾನು ‘ನೇ ವಯಸ್ಸು’ ಎಂಬ ಮಾತನ್ನೇ ಬಳಸುವುದಿಲ್ಲ. ‘35 ತುಂಬಿತ್ತು’ ಎಂದರೆ ಗೊಂದಲಕ್ಕೆ ಎಡೆಯಿಲ್ಲ.

ಪರಿಶೀಲನೆಗೆ ಕೂರುವ ಮೊದಲು ಬರಹವನ್ನು ಬಿಡಿಬಿಡಿ ಹೇಳಿಕೆಗಳಾಗಿ ಒಡೆಯುತ್ತೇನೆ. ಒಂದು ಪುಟದ ಪರಿಚಯದಲ್ಲೇ ಮೂವತ್ತು ನಲವತ್ತು ಹೇಳಿಕೆಗಳು ಸಿಗುತ್ತವೆ: ಹುಟ್ಟೂರು, ತಂದೆತಾಯಿ, ಮೊದಲ ನಾಟಕ, ಮೊದಲ ಧಾರಾವಾಹಿ, ಪ್ರಶಸ್ತಿ, ಮರಣ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಸಾಲಿಗೆ ನಾಲ್ಕು ಕಲಂ. ಹೇಳಿಕೆ ಏನು, ಎಲ್ಲಿ ನೋಡಿದೆ, ಅಲ್ಲಿ ಬರೆದವರಿಗೆ ಅದು ಎಲ್ಲಿಂದ ಸಿಕ್ಕಿತು, ನಾನು ನೋಡಿದ ದಿನಾಂಕ ಯಾವುದು. ಮೂರನೆಯ ಕಲಂ ತುಂಬದಿದ್ದರೆ ಆ ಸಾಲು ಇನ್ನೂ ಮುಗಿದಿಲ್ಲ ಎಂದೇ ಲೆಕ್ಕ. ಇಪ್ಪತ್ತು ಕಡೆ ಒಂದೇ ದಿನಾಂಕ ಕಂಡರೂ ಇಪ್ಪತ್ತು ಸಾಕ್ಷಿ ಸಿಕ್ಕಂತಲ್ಲ, ಒಂದೇ ಬಾಯಿಯ ಮಾತು ಇಪ್ಪತ್ತು ಸಲ ಕೇಳಿಸಿರಬಹುದು. ಇದನ್ನು ಪತ್ತೆ ಮಾಡಲು ನಾನು ಸರಿಯಾದ ಮಾಹಿತಿಯನ್ನು ಬಿಟ್ಟು ತಪ್ಪುಗಳನ್ನು ಹುಡುಕುತ್ತೇನೆ. ಎರಡು ಬರಹಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ವಿಚಿತ್ರ ವಿಶೇಷಣ ಅಥವಾ ಒಂದೇ ಸಿನಿಮಾ ಬಿಟ್ಟುಹೋದ ಪಟ್ಟಿ ಕಂಡರೆ ಒಂದು ಇನ್ನೊಂದರ ನಕಲು. ಎರಡನ್ನೂ ಸೇರಿಸಿ ಒಂದು ಎಂದು ಎಣಿಸುತ್ತೇನೆ.

ಹುಟ್ಟೂರಿನ ವಿಷಯ. ಶಂಕರ್ ನಾಗ್, ಪೂರ್ತಿ ಹೆಸರು ಶಂಕರ್ ನಾಗರಕಟ್ಟೆ, ಹುಟ್ಟಿದ್ದು ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಕರ್ನಾಟಕದಲ್ಲಿ ಮಲ್ಲಾಪುರಗಳಿಗೆ ಕೊರತೆಯಿಲ್ಲ. ಅದೇ ಉತ್ತರ ಕನ್ನಡದ ಕಾರವಾರ ತಾಲ್ಲೂಕಿನಲ್ಲಿ, ಕೈಗಾ ಅಣುಸ್ಥಾವರದ ವಸತಿ ಇರುವ ಇನ್ನೊಂದು ಮಲ್ಲಾಪುರವಿದೆ. ಹಾಗಾಗಿ ತಾಲ್ಲೂಕಿನ ಹೆಸರು ಬಿಟ್ಟು ಊರಿನ ಹೆಸರನ್ನು ಎಂದೂ ಬರೆದುಕೊಳ್ಳುವುದಿಲ್ಲ. ಇನ್ನು ರಾಜ್ಯ: 1954ರಲ್ಲಿ ಆ ಸೀಮೆ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ‘ಮೈಸೂರು ರಾಜ್ಯದ ಹೊನ್ನಾವರದಲ್ಲಿ 1954ರಲ್ಲಿ ಜನನ’ ಎಂದು ಬರೆದರೆ ಬರೆದವರು ನಕ್ಷೆ ನೋಡಿಲ್ಲ ಎಂದರ್ಥ. ಮರಣದ ಸ್ಥಳಕ್ಕೂ ಇದೇ ಪರೀಕ್ಷೆ. ಅವರು ತೀರಿಕೊಂಡ ರಸ್ತೆ ಅಪಘಾತ ನಡೆದದ್ದು ದಾವಣಗೆರೆ ಸಮೀಪದ ಆನಗೋಡಿನಲ್ಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, 1990ರಲ್ಲಿ ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಅಪಘಾತವಾದ ಹೆದ್ದಾರಿ ಆಗ ರಾಷ್ಟ್ರೀಯ ಹೆದ್ದಾರಿ 4, ಈಗಿನ ಸಂಖ್ಯೆ 48. ಇದು ಬರಿಯ ಶಿಸ್ತಿನ ಮಾತಲ್ಲ. ಹಳೆಯ ಕಡತ ಕೇಳಲು ಹೋದಾಗ ಯಾವ ಜಿಲ್ಲೆಯ ಕಚೇರಿಯ ಬಾಗಿಲು ತಟ್ಟಬೇಕು ಎಂಬುದು ಇದರ ಮೇಲೆ ನಿಂತಿದೆ.

ಬೆಳೆದ ಊರನ್ನೇ ಹುಟ್ಟೂರು ಎಂದುಕೊಳ್ಳುವುದೂ ಉಂಟು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪನಾಗಿ ನಟಿಸಿದ ಗಿರೀಶ ಕಾರ್ನಾಡರ ಹೆಸರಿನೊಂದಿಗೆ ಶಿರಸಿ, ಧಾರವಾಡ ಅಂಟಿಕೊಂಡಿವೆ. ಅವರು ಹುಟ್ಟಿದ್ದು ಮಾತ್ರ ಮಾಥೆರಾನ್‌ನಲ್ಲಿ, 1938ರ ಮೇ 19ರಂದು.

ಹುಟ್ಟಿದ ದಿನಾಂಕಕ್ಕೆ ಮೂರು ಕಡೆಯಿಂದ ಸಾಕ್ಷಿ ಬರಬಹುದು, ಮೂರಕ್ಕೂ ಅದರದರ ಕಾಯಿಲೆ ಇದೆ. ಶಾಲೆಯ ದಾಖಲೆ ಅಧಿಕೃತವಾಗಿ ಕಾಣುತ್ತದೆ, ಆದರೆ ಹಿಂದಿನ ಕಾಲದಲ್ಲಿ ಒಂದನೇ ತರಗತಿಗೆ ಸೇರಿಸಲು ಬೇಕಾದ ವಯಸ್ಸನ್ನು ಹೊಂದಿಸಿ ಮೇಷ್ಟರೇ ಒಂದು ತಾರೀಖು ಬರೆಯುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವುದೇ. ಜೂನ್ 1 ಎಂದು ಕಂಡರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿಯೇ ಮುಂದೆ ಹೋಗುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಪಿಂಚಣಿ ಕಾಗದ ಮೂರೂ ಅದೇ ಶಾಲೆಯ ದಾಖಲೆಯ ಮಕ್ಕಳು, ಬೇರೆ ಸಾಕ್ಷಿಗಳಲ್ಲ.

ಜಾತಕ ಹೆಚ್ಚು ಪ್ರಾಮಾಣಿಕ. ಆದರೆ ಅದನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸುವಾಗ ಎರಡು ಕಡೆ ಜಾರುತ್ತದೆ. ಸಂವತ್ಸರ ಶುರುವಾಗುವುದು ಯುಗಾದಿಗೆ. 1954ರ ಏಪ್ರಿಲ್‌ನಲ್ಲಿ ಶುರುವಾದ ಜಯ ಸಂವತ್ಸರ 1955ರ ಫೆಬ್ರವರಿಯಲ್ಲೂ ಜಯವೇ. ಮಾಘಮಾಸದಲ್ಲಿ ಹುಟ್ಟಿದವರಿಗೆ ಒಂದು ವರ್ಷ ಹೆಚ್ಚು ಕಟ್ಟುವುದು ಹೀಗೆ. ಎರಡನೆಯದು ವಾರ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ರಾತ್ರಿ ಎರಡು ಗಂಟೆಗೆ ಹುಟ್ಟಿದ ಮಗುವಿಗೆ ಜಾತಕದಲ್ಲಿ ಸೋಮವಾರ ಇದ್ದರೆ ಕ್ಯಾಲೆಂಡರಿನಲ್ಲಿ ಅದು ಮಂಗಳವಾರ. ತಾರೀಖು ಮತ್ತು ವಾರ ಒಟ್ಟಿಗೆ ಸಿಕ್ಕರೆ ತಾಳೆ ನೋಡಲು ಅರ್ಧ ನಿಮಿಷ ಸಾಕು: 1954ರ ನವೆಂಬರ್ 9 ಮಂಗಳವಾರ, 1990ರ ಸೆಪ್ಟೆಂಬರ್ 30 ಭಾನುವಾರ.

ಮೂರನೆಯದು ಜನನ ನೋಂದಣಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲಿನ ಪುಸ್ತಕಗಳು ಕೆಲವು ಕಡೆ ಉಳಿದಿವೆ, ಕೆಲವು ಕಡೆ ಗೆದ್ದಲು ತಿಂದಿದೆ. ಹೆಸರು ಹಿಡಿದು ಹುಡುಕಿದರೆ ಏನೂ ಸಿಗದೆ ಬರಿಗೈಯಲ್ಲಿ ಬರಬೇಕಾಗುತ್ತದೆ. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುವುದರಿಂದ ಮಗುವಿನ ಹೆಸರಿನ ಕಲಂ ಖಾಲಿ ಇರುತ್ತದೆ. ಅಂದಾಜು ದಿನಾಂಕದ ಹಿಂದೆ ಮುಂದೆ ಒಂದು ತಿಂಗಳು ಇಟ್ಟುಕೊಂಡು ತಂದೆಯ ಹೆಸರಿನ ಮೇಲೆ ಕೈಯಾಡಿಸಬೇಕು.

ಮರಣಕ್ಕೆ ಬಂದರೆ ಕೆಲಸ ಸ್ವಲ್ಪ ಹಗುರ. ನೋಂದಣಿ ಆಗುವುದು ವಾಸದ ಊರಿನಲ್ಲಲ್ಲ, ಸಾವು ಸಂಭವಿಸಿದ ಜಾಗದ ವ್ಯಾಪ್ತಿಯಲ್ಲಿ. ಬೆಂಗಳೂರಿನಲ್ಲಿ ಮನೆಯಿದ್ದವರು ದಾರಿಯಲ್ಲಿ ತೀರಿಕೊಂಡಿದ್ದರೆ ಬೆಂಗಳೂರಿನಲ್ಲಿ ಹುಡುಕಿ ಫಲವಿಲ್ಲ. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಂದಣಿ ಹುಡುಕಿಸಿ ನಕಲು ಪಡೆಯಬಹುದು, ಆದರೆ ಸಾವಿನ ಕಾರಣವನ್ನು ಆ ನಕಲಿನಲ್ಲಿ ಕೊಡಬಾರದೆಂದು ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ಕಾರಣದ ಬೆನ್ನು ಹತ್ತುವುದನ್ನು ನಾನೂ ಅಲ್ಲಿಗೇ ಬಿಡುತ್ತೇನೆ. ಮನೆಯವರು ಬಹಿರಂಗವಾಗಿ ಹೇಳಿದ್ದಷ್ಟೇ ಬರಹಕ್ಕೆ. ಬೇರೆ ಕಚೇರಿಗಳ ಹಳೆಯ ಕಡತ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಅರ್ಜಿ 150 ಪದ ಮೀರುವಂತಿಲ್ಲ, ಒಂದು ಅರ್ಜಿಗೆ ಒಂದೇ ವಿಷಯ. ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ಗೋಪ್ಯತೆಯ ವಿನಾಯಿತಿಗಳಲ್ಲಿ ಬಹುಪಾಲು ಅನ್ವಯಿಸುವುದಿಲ್ಲ ಎಂದು ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಂ ಹೇಳುತ್ತದೆ. ಆ ಕಲಮನ್ನು ಅರ್ಜಿಯಲ್ಲೇ ಬರೆದರೆ ಒಂದು ಸುತ್ತಿನ ಓಡಾಟ ಉಳಿಯುತ್ತದೆ. ‘ಅವಧಿ ಮುಗಿದ ಕಡತ, ನಾಶಪಡಿಸಲಾಗಿದೆ’ ಎಂಬ ಉತ್ತರಕ್ಕೂ ಸಿದ್ಧರಿರಬೇಕು.

ಪತ್ರಿಕೆ ನೋಡುವಾಗ ಒಂದು ದಿನ ಮುಂದೆ ಹೋಗಬೇಕು. ಭಾನುವಾರ ನಡೆದದ್ದು ಸೋಮವಾರ, ಅಂದರೆ 1990ರ ಅಕ್ಟೋಬರ್ 1ರ ಬೆಳಗಿನ ಪತ್ರಿಕೆಯ ಸುದ್ದಿ. ಸಂಜೆ ಪತ್ರಿಕೆಯಾದರೆ ಅದೇ ದಿನದ್ದೂ ಇರಬಹುದು. ಎಷ್ಟೋ ಮರಣದ ದಿನಾಂಕಗಳು ಒಂದು ದಿನ ಜಾರಿರುವುದು ಪತ್ರಿಕೆಯ ತಲೆಬರಹದ ತಾರೀಖನ್ನೇ ಎತ್ತಿಕೊಂಡದ್ದರಿಂದ. ವಾರಪತ್ರಿಕೆಯ ತಾರೀಖನ್ನಂತೂ ನಂಬುವುದೇ ಬೇಡ, ಅದು ಅಂಗಡಿಗೆ ಬಂದ ದಿನವೂ ಅಲ್ಲ, ಬರೆದ ದಿನವೂ ಅಲ್ಲ. ಹಳೆಯ ಸಂಪುಟಗಳಿಗೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ ಒಳ್ಳೆಯ ಆರಂಭ. ಸುದ್ದಿಯ ಫೋಟೋ ಮಾತ್ರ ತೆಗೆದರೆ ಸಾಲದು, ಪುಟದ ನೆತ್ತಿಯ ಮೇಲಿನ ತಾರೀಖು, ಪುಟಸಂಖ್ಯೆ ಮತ್ತು ಯಾವ ಊರಿನ ಆವೃತ್ತಿ ಎಂಬುದೂ ಚಿತ್ರದಲ್ಲಿ ಬರಬೇಕು. ಕನ್ನಡ ಅಂಕಿಯಲ್ಲಿ ಅಚ್ಚಾದ ಕಡೆ ೬ ಮತ್ತು ೯ ಎರಡನ್ನೂ ಭೂತಗನ್ನಡಿಯಲ್ಲಿ ನೋಡಿ. ಮಸಿ ಹರಡಿದ ಪುಟದಲ್ಲಿ ೧೯೫೬ ಮತ್ತು ೧೯೫೯ ಅಣ್ಣತಮ್ಮಂದಿರಂತೆ ಕಾಣುತ್ತವೆ. ಸ್ಕ್ಯಾನ್ ಮಾಡಿ ಅಕ್ಷರ ಓದಿಸುವ ತಂತ್ರಾಂಶಗಳೂ ಇದೇ ಹಳ್ಳಕ್ಕೆ ಬೀಳುತ್ತವೆ.

ಕಂಪ್ಯೂಟರಿನಲ್ಲಿ ಹುಡುಕುವಾಗ ಒಂದೇ ರೂಪ ಹಾಕಿ ‘ಸಿಗಲಿಲ್ಲ’ ಅನ್ನಬೇಡಿ. ಶಂಕರ್ ನಾಗ್, ಶಂಕರ್‌ನಾಗ್, ಶಂಕರನಾಗ್, ಶಂಕರ ನಾಗ, ನಾಗರಕಟ್ಟೆ, ನಾಗರ್‌ಕಟ್ಟೆ ಎಲ್ಲವನ್ನೂ ಬೇರೆಬೇರೆಯಾಗಿ ಹಾಕಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಮಾಡಿದ ಕಡತಗಳು ಕಣ್ಣಿಗೆ ಕನ್ನಡ, ಹುಡುಕಾಟಕ್ಕೆ ಕಸ. ಅವನ್ನು ಕಣ್ಣಲ್ಲೇ ಓದಬೇಕು.

ಕಿರುತೆರೆಯ ಕೆಲಸದ ವಿವರಗಳಲ್ಲೇ ತಪ್ಪು ಹೆಚ್ಚು, ಯಾಕೆಂದರೆ ಎಲ್ಲರೂ ನೆನಪಿನಿಂದ ಬರೆಯುತ್ತಾರೆ. ‘ಮಾಲ್ಗುಡಿ ಡೇಸ್’ ಆಗುಂಬೆಯಲ್ಲಿ ಚಿತ್ರೀಕರಣವಾಯಿತು, ಕಲಾವಿದರಲ್ಲಿ ಬಹಳ ಮಂದಿ ನಮ್ಮವರು, ಹಾಗಾಗಿ ಅದು ಮೂಲದಲ್ಲೇ ಕನ್ನಡ ಧಾರಾವಾಹಿ ಎಂದು ಬರೆಯುವವರಿದ್ದಾರೆ. ಅದು ತಯಾರಾದದ್ದು ಹಿಂದಿಯಲ್ಲಿ, ಮೊದಲ ಕೆಲವು ಕಂತುಗಳು ಇಂಗ್ಲಿಷಿನಲ್ಲೂ. ಒಟ್ಟು 54 ಕಂತುಗಳನ್ನೂ ಶಂಕರ್ ನಾಗ್ ಹೆಸರಿಗೆ ಬರೆಯುವುದು ಇನ್ನೊಂದು ತಪ್ಪು. ಅವರದ್ದು 39, ಉಳಿದ 15 ಅವರು ತೀರಿಕೊಂಡು ಹದಿನೈದು ವರ್ಷ ದಾಟಿದ ಮೇಲೆ, 2006ರಲ್ಲಿ ಕವಿತಾ ಲಂಕೇಶ್ ಮಾಡಿದ್ದು. ಪಾತ್ರ ಯಾರದ್ದು ಎಂಬ ಪ್ರಶ್ನೆ ಬಂದರೆ ಕಂತನ್ನೇ ಹಾಕಿ ಶೀರ್ಷಿಕೆಪಟ್ಟಿ ನಿಲ್ಲಿಸಿ ನೋಡುತ್ತೇನೆ. ಪಟ್ಟಿಯಲ್ಲಿ ಹೆಸರಷ್ಟೇ ಇದ್ದು ಪಾತ್ರ ಇಲ್ಲದಿದ್ದರೆ ‘ನಟಿಸಿದ್ದಾರೆ’ ಎಂದು ನಿಲ್ಲಿಸಬೇಕು, ಪಾತ್ರವನ್ನು ಊಹಿಸಬಾರದು.

ವಾಹಿನಿಗಳ ಹುಟ್ಟಿದ ವರ್ಷ ಗೋಡೆಗೆ ಅಂಟಿಸಿಕೊಂಡರೆ ಅರ್ಧ ತಪ್ಪು ಅಲ್ಲೇ ಸಿಗುತ್ತದೆ. ಉದಯ ಟಿವಿ 1994, ಈಟಿವಿ ಕನ್ನಡ 2000, ಜೀ ಕನ್ನಡ 2006. ಈಟಿವಿ ಕನ್ನಡ ಕಲರ್ಸ್ ಕನ್ನಡ ಆದದ್ದು 2015ರಲ್ಲಿ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲ ಮನೆ’ ಬಂದದ್ದು ಈಟಿವಿಯಲ್ಲಿ. ಅವರು 2010ರಲ್ಲಿ ತೀರಿಕೊಂಡರು, ಅವರ ಹೆಸರಿನ ಮುಂದೆ ಕಲರ್ಸ್ ಎಂದು ಬರೆದರೆ ಕಾಲ ಕೂಡುವುದಿಲ್ಲ.

ಪ್ರಶಸ್ತಿಗೆ ಎರಡು ಪ್ರಶ್ನೆ: ಕೊಟ್ಟವರು ಯಾರು, ಯಾವ ವರ್ಷದ ಕೆಲಸಕ್ಕೆ. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಶಂಕರ್ ನಾಗ್ ಪಡೆದದ್ದು ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ, 1979ರಲ್ಲಿ. ಅದೇ ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಎರಡನ್ನೂ ಕಲಸಿ ‘ರಾಷ್ಟ್ರಪ್ರಶಸ್ತಿ ಪಡೆದ ನಟ’ ಎಂದು ಮಾಡಬಾರದು.

ಮನೆಯವರನ್ನು ಕೇಳುವುದು ಕೊನೆಗೆ, ಪ್ರಶ್ನೆಗಳು ಐದಾರಕ್ಕೆ ಇಳಿದ ಮೇಲೆ. ವರ್ಷಾಂತಿಕದ ಹತ್ತಿರದ ದಿನಗಳಲ್ಲಿ ಕರೆ ಮಾಡುವುದಿಲ್ಲ. ‘ಯಾವಾಗ ಹುಟ್ಟಿದರು’ ಎಂದು ಕೇಳಿದರೆ ದಾಖಲೆಯ ತಾರೀಖು ಬರುತ್ತದೆ. ‘ಮನೆಯಲ್ಲಿ ಹುಟ್ಟುಹಬ್ಬ ಯಾವತ್ತು ಮಾಡುತ್ತಿದ್ದಿರಿ’ ಎಂದರೆ ಬೇರೆಯೇ ಉತ್ತರ ಬರಬಹುದು, ಎರಡನ್ನೂ ಬರೆದುಕೊಳ್ಳಬೇಕು. ಶ್ರಾದ್ಧ ತಿಥಿಯ ಮೇಲೆ ನಡೆಯುವುದರಿಂದ ಪುಣ್ಯಸ್ಮರಣೆಯ ಜಾಹೀರಾತಿನ ತಾರೀಖು ವರ್ಷವರ್ಷ ಬದಲಾಗಬಹುದು, ಅದರಿಂದ ಮರಣದ ದಿನಾಂಕ ತೆಗೆಯಲು ಹೋಗಬಾರದು. ಎರಡು ತಾರೀಖು ಕೊನೆಗೂ ಒಂದಾಗದಿದ್ದರೆ ಬರಹದಲ್ಲಿ ಎರಡನ್ನೂ ಇಡುತ್ತೇನೆ: ‘ಶಾಲಾ ದಾಖಲೆಯಂತೆ ಇದು, ಮನೆಯವರ ಪ್ರಕಾರ ಅದು’ ಎಂದು. ಆಗ ವಯಸ್ಸಿನ ಸಂಖ್ಯೆಯನ್ನು ಬರಹದಿಂದ ತೆಗೆದುಬಿಡುತ್ತೇನೆ.