ಗುಪ್ತಾಂಗದ ಚರ್ಮದಲ್ಲಿ ಗಂಟು ಸಿಕ್ತಾ? ಟ್ಯೂಬ್ ತರೋಕೆ ಮುಂಚೆ ಇಷ್ಟು ಮಾಡಿ

ಸ್ನಾನ ಮಾಡ್ತಾ ಸೋಪು ಹಚ್ಚುವಾಗ ಬೆರಳಿಗೆ ಏನೋ ಸಿಗುತ್ತೆ, ಕಾಳಿನಷ್ಟು, ನಿನ್ನೆ ಇತ್ತಾ ಇಲ್ವಾ ನೆನಪಿಲ್ಲ, ಆಮೇಲೆ ದಿನಪೂರ್ತಿ ತಲೆ ಎಲ್ಲಾ ಅಲ್ಲೇ. ನನಗೂ ಆಗಿತ್ತು. ಮೆಡಿಕಲ್ ಶಾಪಲ್ಲಿ ಜನ ಖಾಲಿಯಾಗೋವರೆಗೂ ಕಾದು, ಪಿಸುಮಾತಲ್ಲಿ ಹೇಳಿ, ಕೊಟ್ಟ ಟ್ಯೂಬ್ ತಂದು ಹದಿನೈದು ದಿನ ಹಚ್ಚಿದೆ. ಗಂಟು ಹಾಗೇ ಇತ್ತು, ಸುತ್ತಲಿನ ಚರ್ಮ ಕೆಂಪಗಾಗಿ ಉರಿ ಬೇರೆ ಶುರುವಾಯ್ತು. ಕೊನೆಗೆ ಡಾಕ್ಟರ್ ನೋಡಿ ಅಂದಿದ್ದು, ಶೇವ್ ಮಾಡಿದ ಕೂದಲು ಒಳಗೇ ಸುರುಳಿ ಸುತ್ಕೊಂಡಿದೆ ಅಷ್ಟೇ.

ಅದಕ್ಕೇ ಮೊದಲನೇ ಕೆಲಸ ಏನೂ ಮಾಡದೇ ಇರೋದು. ಹಿಚುಕಬೇಡಿ, ಡೆಟಾಲ್ ಸುರೀಬೇಡಿ, ಕಾಲಿನ ಆಣಿಗೆ ಹಾಕೋ ಆಸಿಡ್ ಅಂತೂ ಹತ್ರಾನೂ ತರಬೇಡಿ.

ಎರಡನೇದು ಸರಿಯಾಗಿ ನೋಡೋದು. ಕೈ ತೊಳ್ಕೊಂಡು, ಒಳ್ಳೆ ಬೆಳಕಲ್ಲಿ, ಚರ್ಮ ಮೆಲ್ಲಗೆ ಎಳೆದು ಹಿಡೀರಿ. ಸಾಸಿವೆಯಷ್ಟು ಹಳದಿ-ಬಿಳಿ ಚುಕ್ಕೆಗಳು ಕಂಡ್ರೆ ಅವು ಎಣ್ಣೆ ಗ್ರಂಥಿಗಳು, ಫೋರ್ಡೈಸ್ ಸ್ಪಾಟ್ಸ್ ಅಂತಾರೆ. ಶಿಶ್ನದ ತುದಿಯ ಅಂಚಿಗೆ ಮುತ್ತು ಪೋಣಿಸಿದ ಹಾಗೆ ಒಂದೆರಡು ಸಾಲು ಇದ್ರೆ ಪರ್ಲಿ ಪೀನೈಲ್ ಪ್ಯಾಪ್ಯೂಲ್ಸ್, ಹರೆಯದಲ್ಲಿ ಬರೋದು, ಯಾರಿಗೂ ಅಂಟಲ್ಲ, ಆದ್ರೆ ಇದನ್ನ ನೋಡಿ ರೋಗ ಬಂತು ಅಂತ ನಿದ್ದೆಗೆಡೋ ಹುಡುಗರು ಎಷ್ಟೋ ಜನ. ಬೀಜದ ಚೀಲದ ಚರ್ಮದಲ್ಲಿ ಬಟಾಣಿ ಥರ ಗಟ್ಟಿ ಗುಂಡು ಇದ್ದು, ಚರ್ಮ ಎತ್ತಿದ್ರೆ ಅದೂ ಜೊತೆಗೇ ಬಂದ್ರೆ ಬಹುತೇಕ ಸಿಸ್ಟ್, ಅಂದ್ರೆ ಚರ್ಮದೊಳಗಿನ ಚಿಕ್ಕ ಚೀಲದಂಥ ಗಂಟು. ಚರ್ಮ ಬಂದು ಗಂಟು ಒಳಗೇ, ಬೀಜಕ್ಕೇ ಅಂಟಿಕೊಂಡಿದ್ರೆ ಅದು ಬೇರೆ ವಿಷಯ, ಅದೇ ವಾರ ಡಾಕ್ಟರ್ ಹತ್ರ ಹೋಗಿ, ಸ್ಕ್ಯಾನ್ ಬೇಕಾಗುತ್ತೆ.

ಮೂರನೇದು, ನೋವಿನ ಲೆಕ್ಕ. ಇಲ್ಲೇ ಜನ ಎಡವೋದು. ನೋವಿಲ್ಲ ಅಂದ್ರೆ ಚಿಂತೆ ಇಲ್ಲ ಅಂದ್ಕೋತಾರೆ, ಆದ್ರೆ ಕೂದಲ ಬುಡದ ಕುರು ಕೀವು ತುಂಬಿ ಕೂರೋಕೂ ಬಿಡಲ್ಲ, ಅಷ್ಟು ನೋಯುತ್ತೆ, ಸಾಮಾನ್ಯವಾಗಿ ಬಿಸಿನೀರಿನ ಶಾಖಕ್ಕೇ ಇಳಿಯುತ್ತೆ. ಲೈಂಗಿಕ ಸಂಪರ್ಕದಿಂದ ಅಂಟೋ ಸಿಫಿಲಿಸ್ ರೋಗದ ಹುಣ್ಣು, ಸಂಪರ್ಕ ಆಗಿ ಸುಮಾರು ಮೂರು ವಾರಕ್ಕೆ ಬರುತ್ತೆ (90 ದಿನದವರೆಗೂ ಆಗಬಹುದು), ಬುಡ ಗಟ್ಟಿ, ಸಾಮಾನ್ಯವಾಗಿ ನೋವೇ ಇರಲ್ಲ, ಮೂರರಿಂದ ಆರು ವಾರದಲ್ಲಿ ತಾನೇ ಮಾಯವಾಗುತ್ತೆ, ರೋಗ ಮಾತ್ರ ಒಳಗೇ ಇರುತ್ತೆ. ರಕ್ತ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗುತ್ತೆ, ಪೆನಿಸಿಲಿನ್ ಇಂಜೆಕ್ಷನ್‌ಗೆ ವಾಸಿಯಾಗುತ್ತೆ. ಹೂಕೋಸಿನ ಥರ ಬೆಳೆಯೋ ನರಹುಲಿಗೂ ನೋವಿಲ್ಲ, ಅದು ಎಚ್‌ಪಿವಿ ವೈರಸ್, ಹೆಚ್ಚಾಗಿ 6 ಮತ್ತು 11ನೇ ತಳಿ. ನಡುವೆ ಚಿಕ್ಕ ಕುಳಿ ಇರೋ ಗುಳ್ಳೆ ಮೊಲಸ್ಕಮ್ ಅನ್ನೋ ವೈರಸ್ ಸೋಂಕು. ಗುಂಪಾಗಿ ಬಂದು ಒಡೆದು ಉರಿಯೋ ನೀರ್ಗುಳ್ಳೆ ಹರ್ಪಿಸ್ ಅನ್ನೋ ವೈರಸ್ ಸೋಂಕು ಇರಬಹುದು. ರಾತ್ರಿ ಹೊತ್ತು ತುರಿಕೆ ಜಾಸ್ತಿ, ಮನೇಲಿ ಇನ್ನೊಬ್ಬರೂ ಕೆರ್ಕೋತಿದ್ದಾರೆ ಅಂದ್ರೆ ಕಜ್ಜಿ, ಮನೆಯವರೆಲ್ಲ ಒಟ್ಟಿಗೇ ಔಷಧಿ ಹಚ್ಕೋಬೇಕು.

ನಾಲ್ಕನೇದು ಡಾಕ್ಟರ್. ಎರಡು ವಾರಕ್ಕೆ ಹೋಗದ ಗಂಟು, ದೊಡ್ಡದಾಗ್ತಿರೋದು, ರಕ್ತ ಬರೋದು, ತೊಡೆಸಂದಿಯಲ್ಲೂ ಗೆಡ್ಡೆ, ಇವಕ್ಕೆ ಕಾಯೋದು ಬೇಡ. ಹುಣ್ಣಿಗಂತೂ ಒಂದು ದಿನವೂ ಬೇಡ. ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದೋರಲ್ಲಿ, ಮುಂದೊಗಲು ಹಿಂದೆ ಸರಿಯದವರಲ್ಲಿ ಮಾಯದ ಹುಣ್ಣು ಕ್ಯಾನ್ಸರ್ ಆಗಿರೋ ಸಾಧ್ಯತೆ ಇದೆ, ಅಪರೂಪವೇ ಆದ್ರೂ. ಚರ್ಮ ಮತ್ತು ಗುಹ್ಯರೋಗ ವಿಭಾಗಕ್ಕೆ ಹೋಗಿ, ಆ ಬೋರ್ಡ್ ಓದಿ ವಾಪಸ್ ಬರಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕಿಗೇ ಅಂತ ಸುರಕ್ಷಾ ಕ್ಲಿನಿಕ್ ಇರುತ್ತೆ, ಎಚ್‌ಐವಿ, ಲೈಂಗಿಕ ಸೋಂಕಿನ ಬಗ್ಗೆ ಕೇಳೋಕೆ 1097ಕ್ಕೆ ಫೋನ್ ಮಾಡಬಹುದು, ಉಚಿತ.

ಎದುರು ಕೂತಾಗ ಬಾಯಲ್ಲಿ ಬರಲ್ಲ ಅಂದ್ರೆ ಚೀಟಿ ಬರ್ಕೊಂಡು ಹೋಗಿ: ಯಾವಾಗಿಂದ, ನೋವಾ ತುರಿಕೆಯಾ, ಹೊಸ ಸಂಪರ್ಕ ಆಗಿತ್ತಾ, ಏನೇನು ಹಚ್ಚಿದ್ರಿ. ನಾನೂ ಚೀಟಿನೇ ಕೊಟ್ಟಿದ್ದೆ. ಡಾಕ್ಟರ್ ಪೂರ್ತಿ ಓದಿ, ಕನ್ನಡಕದ ಮೇಲಿಂದ ನೋಡಿ, "ಎಲ್ಲಾ ಬರೆದಿದ್ದೀರ, ಆ ಟ್ಯೂಬ್ ಹೆಸರೊಂದು ಬಿಟ್ಟು" ಅಂದ್ರು.