ದುಬೈ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದೆಯಾ? ಹೊರಡುವ ಮೊದಲು ದುಡ್ಡಿನ ಲೆಕ್ಕ ಹೀಗೆ ಹಾಕಿ

ದುಬೈನ ಸಿಬಿಎಸ್‌ಇ ಶಾಲೆಯಿಂದ ಆಫರ್ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಖುಷಿ. ಮಾರನೇ ದಿನದಿಂದ ಒಂದೇ ಪ್ರಶ್ನೆ, ಎಷ್ಟು ದುಡ್ಡು ಬೇಕು? ಊರಲ್ಲಿ ಒಬ್ಬರು ಐವತ್ತು ಸಾವಿರ ಸಾಕು ಅಂತಾರೆ, ಇನ್ನೊಬ್ಬರು ಎರಡು ಲಕ್ಷ ಇಲ್ಲದೆ ವಿಮಾನ ಹತ್ತಬೇಡಿ ಅಂತಾರೆ. ನಾನು ಉಡುಪಿ ಕಡೆಯಿಂದ ಹೋದಾಗ ಇದನ್ನೆಲ್ಲ ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮಾತು, ಮುಖ್ಯ ಮಾತು: ಕೆಲಸದ ವೀಸಾದ ಖರ್ಚು ನಿಮ್ಮದಲ್ಲ. ಯುಎಇ ಕಾರ್ಮಿಕ ಕಾನೂನು (2021ರ 33ನೇ ಕಾನೂನು, ಜಾರಿಗೆ ಬಂದದ್ದು 2022ರ ಫೆಬ್ರವರಿಯಲ್ಲಿ) ನೇಮಕಾತಿಯ ಖರ್ಚನ್ನು ಕೆಲಸಗಾರರ ಮೇಲೆ ಹಾಕುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳುತ್ತದೆ. ನೇರವಾಗಿಯೂ ಇಲ್ಲ, ಸಂಬಳದಲ್ಲಿ ಹಿಡಿದುಕೊಂಡೂ ಇಲ್ಲ. ಎಂಟ್ರಿ ಪರ್ಮಿಟ್, ಅಲ್ಲಿ ಇಳಿದ ಮೇಲಿನ ಮೆಡಿಕಲ್ ಟೆಸ್ಟ್, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ನಿಮ್ಮ ಆರೋಗ್ಯ ವಿಮೆ ಎಲ್ಲವೂ ಶಾಲೆಯ ಲೆಕ್ಕ. ಹಾಗಾಗಿ "ವೀಸಾ ಫೀಸ್ ಎಂಬತ್ತು ಸಾವಿರ ಕಟ್ಟಿ" ಅಂತ ಯಾರಾದರೂ ಕೇಳಿದರೆ ಅಲ್ಲೇ ನಿಂತುಬಿಡಿ. ಏಜೆಂಟ್ ಮೂಲಕ ಹೋಗುವವರಿಗೆ ನಮ್ಮ ಸರ್ಕಾರದ ನಿಯಮವೂ ಇದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ಅಂತ ನೋಡಲು ಐದು ನಿಮಿಷ ಸಾಕು, ದಯವಿಟ್ಟು ನೋಡಿ. ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ, ಅಲ್ಲಿಯವರೆಗೆ ಕ್ಲಾಸ್ ತೆಗೆದುಕೊಳ್ಳಿ ಅನ್ನುವವರ ಮಾತಿಗಂತೂ ಒಪ್ಪಲೇಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ತೊಂದರೆ ಶಾಲೆಗಷ್ಟೇ ಅಲ್ಲ, ನಿಮಗೂ.

ಹಾಗಾದರೆ ನಮ್ಮ ದುಡ್ಡು ಹೋಗುವುದು ಎಲ್ಲಿ? ಎರಡು ಕಡೆ. ಒಂದು ಕಾಗದಪತ್ರ, ಇನ್ನೊಂದು ಮೊದಲ ಸಂಬಳ ಕೈಗೆ ಬರುವವರೆಗಿನ ದಿನಗಳು.

ಕಾಗದಪತ್ರ ಅಂದರೆ ಮುಖ್ಯವಾಗಿ ಅಟೆಸ್ಟೇಷನ್, ಅಂದರೆ ಸರ್ಟಿಫಿಕೇಟ್ ಅಸಲಿ ಅಂತ ಸರ್ಕಾರಿ ಕಚೇರಿಗಳು ಹಾಕುವ ಸೀಲು. ನಿಮ್ಮ ಡಿಗ್ರಿ ಮತ್ತು ಬಿ.ಎಡ್. ಸರ್ಟಿಫಿಕೇಟ್ ಎರಡಕ್ಕೂ ಬೇಕು. ಮೊದಲು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ (ಇದಕ್ಕೆ ಈಗಲೂ ಎಲ್ಲರೂ ಎಚ್‌ಆರ್‌ಡಿ ಅಂತಲೇ ಹೇಳುತ್ತಾರೆ), ಆಮೇಲೆ ವಿದೇಶಾಂಗ ಸಚಿವಾಲಯ, ಅಂದರೆ ಎಂಇಎ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಸಚಿವಾಲಯ. ಎಂಇಎ ಹಂತಕ್ಕೆ ಆಗುವ ಖರ್ಚು ಬಹಳ ಕಡಿಮೆ, ಸೇವಾ ಕೇಂದ್ರದವರದೂ ಸಣ್ಣ ಮೊತ್ತ. ದೊಡ್ಡ ಖರ್ಚು ರಾಯಭಾರ ಕಚೇರಿಯದು, ಓಡಾಟದ್ದು, ಏಜೆನ್ಸಿಯವರದು. ಅದಕ್ಕೇ ಅವರ ಹತ್ತಿರ ಒಟ್ಟು ಮೊತ್ತ ಕೇಳಬೇಡಿ, ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಚಾರ್ಜ್ ಎಷ್ಟು ಅಂತ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ನಾನು ಒಂದು ಸರ್ಟಿಫಿಕೇಟಿಗೆ 12,000 ರೂಪಾಯಿಯಂತೆ ತೆಗೆದಿಟ್ಟಿದ್ದೆ. ಅಷ್ಟಾದರೂ ಇಟ್ಟುಕೊಳ್ಳಿ.

ಇಲ್ಲಿ ನನಗಾದ ನಷ್ಟ ಹೇಳಿಬಿಡುತ್ತೇನೆ. ನನ್ನ ಕಾಗದ ತೆಗೆದುಕೊಂಡ ಏಜೆನ್ಸಿಯವರು ರಾಯಭಾರ ಕಚೇರಿಯ ಸೀಲಿನ ಬದಲು ಅಪೊಸ್ಟಿಲ್ (ಎಂಇಎ ಅಂಟಿಸುವ ಬೇರೆ ಬಗೆಯ ದೃಢೀಕರಣ) ಮಾಡಿಸಿ ಕೊಟ್ಟರು. ಸರ್ಟಿಫಿಕೇಟಿನ ಹಿಂದೆ ಅಚ್ಚುಕಟ್ಟಾದ ಸ್ಟಿಕ್ಕರ್ ಅಂಟಿಸಿತ್ತು, ನಾನೂ ಮುಗಿಯಿತು ಅಂದುಕೊಂಡೆ. ಆದರೆ ಅಪೊಸ್ಟಿಲ್ ನಡೆಯುವುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ. ಒಮಾನ್, ಬಹ್ರೇನ್, ಸೌದಿ ಸೇರಿವೆ. ಯುಎಇ ಸೇರಿಲ್ಲ. ಶಾಲೆಯವರು ವಾಪಸ್ ಕಳಿಸಿದರು, ಮತ್ತೆ ಮೊದಲಿಂದ ಮಾಡಿಸಿದ್ದಕ್ಕೆ ಮೂರು ವಾರ ಹೋಯಿತು, ಎರಡು ಸರ್ಟಿಫಿಕೇಟಿಗೆ ಸೇರಿ ಆರು ಸಾವಿರ ಸುಮ್ನೆ ಹೋಯಿತು. ಈಗಲೂ ಬಿ.ಎಡ್. ಸರ್ಟಿಫಿಕೇಟ್ ತಿರುಗಿಸಿದರೆ ಆ ಬೇಡದ ಸ್ಟಿಕ್ಕರ್ ಸೀಲುಗಳ ನಡುವೆ ಕೂತಿದೆ. ಇನ್ನೊಂದು ವಿಷಯ, ನಮ್ಮ ಮನೆಗಳಲ್ಲಿ ಸರ್ಟಿಫಿಕೇಟ್ ಹಾಳಾಗದಿರಲಿ ಅಂತ ಲ್ಯಾಮಿನೇಷನ್ ಮಾಡಿಸಿಟ್ಟಿರುತ್ತಾರೆ ಅಲ್ವಾ? ಅದರ ಮೇಲೆ ಸೀಲು ಹಾಕಲು ಆಗುವುದಿಲ್ಲ. ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರಬಹುದು. ಹಾಗಿದ್ದರೆ ಇವತ್ತೇ ವಿಶ್ವವಿದ್ಯಾಲಯಕ್ಕೆ ಎರಡನೇ ಪ್ರತಿಗೆ ಅರ್ಜಿ ಹಾಕಿ, ಅದಕ್ಕೆ ಸಮಯ ಹಿಡಿಯುತ್ತದೆ.

ಗಂಡ ಅಥವಾ ಹೆಂಡತಿ, ಮಕ್ಕಳು ಆಮೇಲೆ ಬರುವವರಿದ್ದರೆ ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರವನ್ನೂ ಇದೇ ಸುತ್ತಿನಲ್ಲಿ ಮಾಡಿಸಿ. ಅಲ್ಲಿಂದ ಮತ್ತೆ ಕೊರಿಯರ್ ಮಾಡಿ, ಊರಲ್ಲಿ ಅಣ್ಣನನ್ನೋ ಭಾವನನ್ನೋ ಬೆಂಗಳೂರಿಗೆ ಓಡಿಸುವುದು ಬಹಳ ಕಷ್ಟ. ಉಳಿದ ಸಣ್ಣ ಖರ್ಚು: ಹೊಸ ಪಾಸ್‌ಪೋರ್ಟ್ ಬೇಕಿದ್ದರೆ 1,500 ರೂಪಾಯಿ, ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ 500.

ಟಿಕೆಟ್ ಕೊಡುತ್ತಾರಾ, ಇಲ್ಲವಾ ಅನ್ನುವುದು ಆಫರ್ ಲೆಟರ್‌ನಲ್ಲೇ ಇರಬೇಕು. ಅದೇ ಕಾಗದದಲ್ಲಿ ಇನ್ನೂ ಎರಡು ಜಾಗಕ್ಕೆ ಬೆರಳಿಟ್ಟು ಓದಿ. ಒಂದು, ಜುಲೈ ಮತ್ತು ಆಗಸ್ಟ್ ರಜೆಗೆ ಸಂಬಳ ಇದೆಯಾ. ಎರಡು, ಬೇಸಿಕ್ ಎಷ್ಟು. ಒಟ್ಟು ಸಂಬಳ 4,000 ದಿರ್ಹಂ ಇದ್ದು ಬೇಸಿಕ್ 2,000 ಅಂತ ಬರೆದಿದ್ದರೆ ಮೊದಲ ಐದು ವರ್ಷ ನಿಮಗೆ ಸೇರುವ ಗ್ರಾಚ್ಯುಟಿ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ 1,400 ದಿರ್ಹಂ. ಬೇಸಿಕ್ 3,000 ಇದ್ದರೆ 2,100. ಸಂಬಳ ಅಷ್ಟೇ, ಕೊನೆಗೆ ಕೈಗೆ ಬರುವುದು ಬೇರೆ. ಸಹಿ ಹಾಕುವ ಮೊದಲು ಕೇಳಲು ಸಂಕೋಚ ಬೇಡ. ಅಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಹಿಂದಿ, ತಮಿಳು, ಮಲಯಾಳಂನಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಇಂಗ್ಲಿಷ್ ಪ್ರತಿಯನ್ನೇ ನಿಧಾನವಾಗಿ, ಗೊತ್ತಿರುವವರ ಜೊತೆ ಕೂತು ಓದಿ.

ಈಗ ಅಲ್ಲಿ ಇಳಿದ ಮೇಲಿನ ಮಾತು. ಜಾಸ್ತಿ ಜನ ಎಡವುವುದು ಇಲ್ಲೇ. ಏಪ್ರಿಲ್‌ನಲ್ಲಿ ಶಾಲೆ ಶುರು. ಎಮಿರೇಟ್ಸ್ ಐಡಿ ಬಂದ ಮೇಲೆ ಬ್ಯಾಂಕ್ ಖಾತೆ, ಖಾತೆ ಆದ ಮೇಲೆ ಸಂಬಳ. ಎಲ್ಲ ಸರಿಯಾಗಿ ನಡೆದರೂ ಐದಾರು ವಾರ ನಿಮ್ಮ ಕೈಯಿಂದಲೇ ತಿನ್ನಬೇಕು. ಆದ್ದರಿಂದ ಎರಡು ತಿಂಗಳಿಗೆ ಲೆಕ್ಕ ಹಾಕಿ. ಶಾಲೆ ವಾಸಕ್ಕೆ ಜಾಗ ಕೊಡದಿದ್ದರೆ ಬೆಡ್‌ಸ್ಪೇಸ್ ಹಿಡಿಯಬೇಕು, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು. ಕರಾಮಾ, ದೇರಾ, ಅಲ್ ನಹ್ದಾ ಕಡೆ ನಮ್ಮವರು ಜಾಸ್ತಿ. ನನ್ನ ಪುಸ್ತಕದಲ್ಲಿ ತಿಂಗಳಿಗೆ ಹೀಗೆ ಬರೆದುಕೊಂಡಿದ್ದೆ: ಬೆಡ್‌ಸ್ಪೇಸ್ 1,000, ಊಟ 600, ಬಸ್ಸು, ಮೆಟ್ರೋಗೆ ಎರಡು ವಲಯದ ನೋಲ್ ಪಾಸ್ 230, ಫೋನ್ 100. ಒಟ್ಟು 1,930 ದಿರ್ಹಂ, ಎರಡು ತಿಂಗಳಿಗೆ 3,860. ಜೊತೆಗೆ ಜಾಗದ ಡಿಪಾಸಿಟ್ 500, ಅಲ್ಲಿನ ವಿದೇಶಾಂಗ ಸಚಿವಾಲಯದ ಸೀಲಿಗೆ ಸರ್ಟಿಫಿಕೇಟಿಗೆ 150ರಂತೆ 300 (ಇದನ್ನು ಶಾಲೆ ಕೊಡುತ್ತದಾ ಅಂತ ಮೊದಲೇ ಕೇಳಿ). ಹುಷಾರಿಲ್ಲದಿದ್ದರೆ, ಚಪ್ಪಲಿ ಕಿತ್ತರೆ, ಊರಿಗೆ ಅರ್ಜೆಂಟಾಗಿ ಕಳಿಸಬೇಕಾದರೆ ಅಂತ ಇನ್ನೊಂದಿಷ್ಟು ಸೇರಿಸಿ 6,000 ದಿರ್ಹಂ ಇಟ್ಟುಕೊಳ್ಳಿ. ದಿರ್ಹಂಗೆ 24 ರೂಪಾಯಿ ಹಿಡಿದರೆ 1,44,000 ರೂಪಾಯಿ. ನೀವು ಲೆಕ್ಕ ಹಾಕುವ ದಿನದ ದರವನ್ನೇ ಹಿಡಿಯಿರಿ. ದಿರ್ಹಂ ಬೆಲೆ ಡಾಲರಿಗೆ ಕಟ್ಟಿದೆ, ಒಂದು ಡಾಲರಿಗೆ 3.6725. ಡಾಲರ್ ಏರಿದಂತೆ ಹೊರಡುವಾಗಿನ ನಿಮ್ಮ ಖರ್ಚು ಏರುತ್ತದೆ, ಆಮೇಲೆ ಊರಿಗೆ ಕಳಿಸುವ ದುಡ್ಡೂ ಏರುತ್ತದೆ.

ಮನೆಯವರನ್ನು ಮೊದಲ ದಿನವೇ ಕರೆದುಕೊಂಡು ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕುಟುಂಬದ ವೀಸಾಕ್ಕೆ ನಿಮ್ಮ ಸಂಬಳ ಕನಿಷ್ಠ 4,000 ದಿರ್ಹಂ ಇರಬೇಕು, ಅಥವಾ 3,000 ಮತ್ತು ವಾಸದ ಜಾಗ. ಆ ವೀಸಾದ ಖರ್ಚು, ಅವರ ವಿಮೆ ಸಾಮಾನ್ಯವಾಗಿ ನಿಮ್ಮದೇ. ಅದಕ್ಕಿಂತ ದೊಡ್ಡದು ಮನೆ. ನಮ್ಮಲ್ಲಿಯಂತೆ ತಿಂಗಳ ಬಾಡಿಗೆ ಅಲ್ಲ, ವರ್ಷದ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ ಕೊಡಬೇಕು. ವರ್ಷಕ್ಕೆ 45,000 ದಿರ್ಹಂನ ಮನೆ, ನಾಲ್ಕು ಚೆಕ್ ಅಂದುಕೊಳ್ಳಿ. ಮೊದಲ ಚೆಕ್ 11,250. ಶೇ. 5ರ ಡಿಪಾಸಿಟ್ 2,250, ಬ್ರೋಕರ್‌ಗೆ ಶೇ. 5 ಇನ್ನೊಂದು 2,250, ನೀರು ಮತ್ತು ಕರೆಂಟಿಗೆ ದೇವಾ (ದುಬೈನ ವಿದ್ಯುತ್ ಮತ್ತು ನೀರಿನ ಸಂಸ್ಥೆ, DEWA) ಡಿಪಾಸಿಟ್ 2,000. ಬೀಗದ ಕೈ ಸಿಗುವ ಮೊದಲೇ 17,750 ದಿರ್ಹಂ, ನಾಲ್ಕು ಲಕ್ಷ ರೂಪಾಯಿಗೂ ಜಾಸ್ತಿ. ಆಮೇಲೆ ಪ್ರತಿ ತಿಂಗಳ ದೇವಾ ಬಿಲ್ಲಿನಲ್ಲಿ ಬಾಡಿಗೆಯ ಶೇ. 5ರ ವಸತಿ ಶುಲ್ಕವೂ ಸೇರಿ ಬರುತ್ತದೆ. ಒಬ್ಬರೇ ಹೋಗಿ, ಆರು ತಿಂಗಳ ಪ್ರೊಬೇಷನ್ ಮುಗಿಸಿ, ಆಮೇಲೆ ಕರೆಸಿಕೊಳ್ಳಿ.

ಊರಲ್ಲಿ ಸಾಲ ಇದ್ದರೆ ಮೂರು ತಿಂಗಳ ಕಂತನ್ನು ಹೊರಡುವ ಮೊದಲೇ ಖಾತೆಯಲ್ಲಿ ಹಾಕಿಡಿ. ಆ 1,44,000ದಿಂದ ಇದನ್ನು ತೆಗೆಯಬೇಡಿ, ಬೇರೆಯೇ ಇರಲಿ. ಕೆಲಸಕ್ಕೆ ಸೇರಿದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ವಿದೇಶದಲ್ಲಿರುವವರ ಊರಿನ ದುಡ್ಡಿನ ಖಾತೆ) ಮಾಡಿಸಬೇಕು, ದುಡ್ಡು ಕಳಿಸಲು ಒಂದು ಎನ್‌ಆರ್‌ಇ (ವಿದೇಶದಲ್ಲಿ ದುಡಿದ ದುಡ್ಡಿನ) ಖಾತೆ ತೆರೆಯಿರಿ. ಹೊರಡುವ ಮೊದಲೇ ಬ್ಯಾಂಕಿಗೆ ಹೋಗಿ ಅರ್ಜಿ, ಬೇಕಾದ ಕಾಗದ ಎಲ್ಲ ಕೇಳಿಟ್ಟುಕೊಳ್ಳಿ. ಆ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರನ್ನು ರೋಮಿಂಗ್ ಹಾಕಿಸಿ ಚಾಲೂ ಇಟ್ಟುಕೊಳ್ಳಿ, ಒಟಿಪಿ ಬರುವುದು ಅದಕ್ಕೇ.