ಟಿವಿ ಕ್ವಿಜ್‌ಗೆ ತಯಾರಿ: ಹಳೆಯ ಪ್ರಶ್ನೆಗಳಿಂದ ಶುರು ಮಾಡಿ

ಟಿವಿ ಕ್ವಿಜ್‌ನಲ್ಲಿ ಪಟಪಟನೆ ಉತ್ತರ ಹೇಳುವವರನ್ನು ನೋಡಿದರೆ ಇವರಿಗೆ ಗೊತ್ತಿಲ್ಲದ್ದೇ ಇಲ್ವೇನೋ ಅನಿಸುತ್ತದೆ. ಅಷ್ಟೆಲ್ಲ ಇಲ್ಲ. ಏನು ಕೇಳುತ್ತಾರೆ ಅನ್ನುವ ಅಂದಾಜು ಅವರಿಗೆ ಚೆನ್ನಾಗಿರುತ್ತದೆ.

ಹಾಗಾಗಿ ಮೊದಲು ಹಳೆಯ ಪ್ರಶ್ನೆ ಹಿಡಿಯಿರಿ. ಅಮೆರಿಕದ ಟಿವಿ ಕ್ವಿಜ್ ‘ಜೆಪರ್ಡಿ’ಗೆ ಹೋಗುವ ಮುಂಚೆ ರೋಜರ್ ಕ್ರೇಗ್ ಮಾಡಿದ್ದೂ ಇದನ್ನೇ. ಅಭಿಮಾನಿಗಳು ಕೂಡಿಟ್ಟಿದ್ದ ಹಳೆಯ ಪ್ರಶ್ನೆಗಳನ್ನು ಕಂಪ್ಯೂಟರಿಗೆ ಹಾಕಿ, ಯಾವ ವಿಷಯ ಜಾಸ್ತಿ ಬರುತ್ತದೆ, ತಾನು ಎಲ್ಲಿ ಹಿಂದಿದ್ದೇನೆ ಎಂದು ನೋಡಿಕೊಂಡರು. 2010ರಲ್ಲಿ ಒಂದೇ ದಿನದ ಆಟದಲ್ಲಿ 77,000 ಡಾಲರ್ ಗೆದ್ದು ದಾಖಲೆ ಮಾಡಿದರು. ನಮಗೆ ಒಂದು ನೋಟ್‌ಬುಕ್ ಸಾಕು. ಚಂದನದ ‘ಥಟ್ ಅಂತ ಹೇಳಿ’ ನೋಡುತ್ತಾ (ಅಲ್ಲಿ ಬಹುಮಾನವೂ ಪುಸ್ತಕವೇ!) ತಪ್ಪಿದ ಪ್ರಶ್ನೆಗಳನ್ನು ವಿಷಯವಾರು ಬರೆದಿಡಿ.

ಆ ಪಟ್ಟಿಯಲ್ಲಿ ಯಾವುದು ಉದ್ದವಾಗಿದೆಯೋ ಆ ವಿಷಯಕ್ಕೆ ಮಕ್ಕಳ ಪುಸ್ತಕ ತನ್ನಿ. ಸಂಕೋಚ ಬೇಡ. 2019ರಲ್ಲಿ ಅದೇ ಜೆಪರ್ಡಿಯಲ್ಲಿ ಸತತ 32 ಆಟ ಗೆದ್ದ ಜೇಮ್ಸ್ ಹೋಲ್ಝೌರ್ ಲೈಬ್ರರಿಯಲ್ಲಿ ಮಕ್ಕಳ ವಿಭಾಗದಲ್ಲೇ ಕೂತು ಓದಿದವರು. ಚಿತ್ರ ಇರುತ್ತದೆ, ಮುಖ್ಯವಾದದ್ದಷ್ಟೇ ಇರುತ್ತದೆ.

ಓದುವಾಗ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗಿ. ಕನ್ನಂಬಾಡಿ ಕಟ್ಟೆಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ವಿಶ್ವೇಶ್ವರಯ್ಯ. ಅವರು ಹುಟ್ಟಿದ ಸೆಪ್ಟೆಂಬರ್ 15 ಎಂಜಿನಿಯರ್‌ಗಳ ದಿನ. 1955ರಲ್ಲಿ ಅವರಿಗೆ ಭಾರತರತ್ನ. ಅದೇ ವರ್ಷ ಇನ್ಯಾರಿಗೆ? ನೆಹರು ಮತ್ತು ಭಗವಾನ್ ದಾಸ್. ಕಟ್ಟೆಯಿಂದಲೇ ಇನ್ನೊಂದು ಸರಪಳಿ ಹಿಡಿದರೆ ಅದೇ ಕಾವೇರಿಯ ಶಿವನಸಮುದ್ರ. ಅಲ್ಲಿನ ಕರೆಂಟು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬಿಡಿಬಿಡಿಯಾಗಿ ಉರು ಹೊಡೆದರೆ ಇವೆಲ್ಲ ವಾರದಲ್ಲಿ ಮರೆತುಹೋಗುತ್ತವೆ. ಹೀಗೆ ಸರಪಳಿ ಮಾಡಿಕೊಂಡರೆ ಒಂದು ನೆನಪಾದಾಗ ಉಳಿದವೂ ಹಿಂದೆಯೇ ಬರುತ್ತವೆ.

ಇನ್ನು ಕಾರ್ಡು. ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ತಿರುಗಿಸುವ ಮುಂಚೆ ಉತ್ತರವನ್ನು ಬಾಯಿಬಿಟ್ಟು ಹೇಳಿ. ಸರಿಯಾದರೆ ಮೂರು ದಿನ ಬಿಟ್ಟು ನೋಡಿ, ಆಮೇಲೆ ವಾರ, ಆಮೇಲೆ ತಿಂಗಳು. ತಪ್ಪಾದರೆ ನಾಳೆಯೇ ಮತ್ತೆ. ಸುಮ್ನೆ ಓದಿದ್ದನ್ನೇ ಓದುತ್ತಿದ್ದರೆ ಗೊತ್ತಿದೆ ಅನಿಸುತ್ತದೆ, ಕೇಳಿದಾಗ ಬಾಯಿಗೆ ಬರುವುದಿಲ್ಲ.

ಕೊನೆಯದು ಬಜರ್, ಅಂದರೆ ಉತ್ತರ ಹೇಳಲು ಮೊದಲು ಒತ್ತಬೇಕಾದ ಗುಂಡಿ. ಜೆಪರ್ಡಿಯಲ್ಲಿ ಪ್ರಶ್ನೆ ಓದಿ ಮುಗಿಯುವ ಮೊದಲೇ ಒತ್ತಿದರೆ ಕಾಲು ಸೆಕೆಂಡು ನಿಮ್ಮ ಬಜರ್ ಕೆಲಸ ಮಾಡುವುದಿಲ್ಲ. ಅಷ್ಟರಲ್ಲಿ ಪಕ್ಕದವರು ಒತ್ತಿರುತ್ತಾರೆ. ಟಿಕ್ ಅನ್ನುವ ಪೆನ್ ಹಿಡಿದು ಟಿವಿ ಮುಂದೆ ನಿಂತೇ ಅಭ್ಯಾಸ ಮಾಡಿ. ಸ್ಟುಡಿಯೋದಲ್ಲೂ ನಿಂತೇ ಆಡಬೇಕಲ್ವಾ?